ಕಾಕ್‌ಪಿಟ್‌ನಲ್ಲಿ ಯಾರೊಡನೆ ಮಾತು?

ಒಬ್ಬರು ಬ್ಯಾಂಕಿನಲ್ಲಿ ಜೀವಮಾನವಿಡೀ ದುಡಿದು ನಿವೃತ್ತರಾದವರು. ಬಜ್ಪೆಯಲ್ಲಿ ಮನೆ, ಏರಿಳಿಯುವ ವಿಮಾನಗಳ ಸದ್ದು ಅವರಿಗೆ ಹಗಲೂ ರಾತ್ರಿಯೂ ರೂಢಿ. ಇನ್ನೊಬ್ಬಳು ಅವರ ತಮ್ಮನ ಮಗಳು, ಏರ್‌ಬಸ್ ಎ320ರಲ್ಲಿ ಸಹ ಪೈಲಟ್. ರಜೆಗೆ ಬಂದವಳು ಚಾವಡಿಯ ಪಕ್ಕದ ಕೋಣೆಯಲ್ಲಿ ಕುರ್ಚಿ ಹಾಕಿ ಕೂತು, ಗಾಳಿಯಲ್ಲಿ ಕೈಯಾಡಿಸುತ್ತ ಜೋರಾಗಿ ಏನೇನೋ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿಸಿಕೊಂಡ ಹಿರಿಯರು ಸುಮ್ಮನಿರಲಿಲ್ಲ.

ದೊಡ್ಡಪ್ಪ: ಯಾರೊಟ್ಟಿಗೆ ಮಾತಾಡ್ತಾ ಇದ್ದದ್ದು ನೀನು? ಕೈಯಲ್ಲಿ ಫೋನೂ ಇಲ್ಲ.

ಪೈಲಟ್: ಯಾರೊಟ್ಟಿಗೂ ಅಲ್ಲ ದೊಡ್ಡಪ್ಪ. ಮುಂದಿನ ವಾರ ಸಿಮ್ಯುಲೇಟರ್ ಚೆಕ್ ಉಂಟು. ಟೇಕಾಫ್ ಆಗುವಾಗ ಎಂಜಿನ್‌ಗೆ ಬೆಂಕಿ ಬಿದ್ದರೆ ಯಾವುದಾದ ಮೇಲೆ ಯಾವುದು ಅಂತ ಕೂತಲ್ಲೇ ಹಾರಿಸಿ ನೋಡ್ತಾ ಇದ್ದೆ.

ದೊಡ್ಡಪ್ಪ: ಅದನ್ನು ಮನಸ್ಸಲ್ಲೇ ಮಾಡಬಹುದಲ್ಲ. ಚಾವಡಿಗೆಲ್ಲ ಕೇಳುವ ಹಾಗೆ ಯಾಕೆ?

ಪೈಲಟ್: ಬಾಯಿ ಬಿಡದೆ ಅಭ್ಯಾಸ ಮಾಡಿದರೆ ಅದು ಅಭ್ಯಾಸವೇ ಅಲ್ಲ. ಕೆಟ್ಟ ಎಂಜಿನ್‌ನ ಲಿವರ್ ಮೇಲೆ ಕೈ ಇಟ್ಟು 'ಥ್ರಸ್ಟ್ ಲಿವರ್ ಒನ್, ಕನ್‌ಫರ್ಮ್?' ಅಂತ ಕೇಳಬೇಕು. ಪಕ್ಕದವರು ನೋಡಿ 'ಕನ್‌ಫರ್ಮ್ಡ್' ಅನ್ನಬೇಕು. ಆಮೇಲೆ ಮಾತ್ರ ಎಳೆಯುವುದು. ಹೇಳುವುದಕ್ಕೂ ಎಳೆಯುವುದಕ್ಕೂ ನಡುವೆ ಒಂದು ಉಸಿರಿನಷ್ಟು ಬಿಡುವು ಸಿಕ್ಕುತ್ತದೆ. ತಪ್ಪು ಲಿವರ್ ಹಿಡಿದಿದ್ದರೆ ಗೊತ್ತಾಗುವುದು ಆ ಬಿಡುವಿನಲ್ಲಿ.

ದೊಡ್ಡಪ್ಪ: ಅದು ಇಬ್ಬರಿರುವಾಗಿನ ಮಾತು, ಒಪ್ಪಿದೆ. ಒಬ್ಬರೇ ಇರುವಾಗ? ಮೊದಲ ಸಲ ಒಬ್ಬಳೇ ಹಾರಿಸಿದ ದಿನವೂ ಇಡೀ ಹೊತ್ತು ಮಾತಾಡ್ತಾ ಇದ್ದೆ ಅಂತ ನೀನೇ ಹೇಳಿದ್ದೆ.

ಪೈಲಟ್: ಹೌದು. ಚಿಕ್ಕ ಸೆಸ್ನಾ ಅದು. ಪಕ್ಕದ ಸೀಟು ಖಾಲಿ. ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಹಾರುವಾಗ ಇಳಿಯುವ ಮೊದಲಿನ ಪರೀಕ್ಷೆಗಳನ್ನು ಒಂದೊಂದಾಗಿ ಮಾಡಬೇಕು. 'ಫ್ಯೂಯೆಲ್ ಬೋತ್, ಮಿಕ್ಸ್ಚರ್ ರಿಚ್' ಅಂತ ಬಾಯಲ್ಲಿ ಹೇಳ್ತಾ ಬೆರಳಲ್ಲಿ ಮುಟ್ಟುತ್ತಾ ಹೋದೆ. ಗಾಳಿ ಸ್ವಲ್ಪ ಅಲುಗಿಸಿತು. ಆಗ ಇಂಗ್ಲಿಷ್ ಎಲ್ಲ ಬಿಟ್ಟು, 'ನಿಧಾನ, ಮೊದಲು ಸ್ಪೀಡ್ ನೋಡು, ಮತ್ತೆಲ್ಲ ಆಮೇಲೆ' ಅಂತ ಕನ್ನಡದಲ್ಲೇ ಹೇಳಿಕೊಂಡೆ.

ದೊಡ್ಡಪ್ಪ: ಹೆದರಿಕೆಗೆ ಮಾತಾಡಿದ್ದು ಅದು.

ಪೈಲಟ್: ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹೆದರಿಕೆಯಾದಾಗ ಮಾತೇ ಯಾಕೆ ಬೇಕಾಗುತ್ತದೆ ಹೇಳಿ. ರಷ್ಯದಲ್ಲಿ ವೈಗೋಟ್‌ಸ್ಕಿ ಅಂತ ಒಬ್ಬ ಮನಃಶಾಸ್ತ್ರಜ್ಞ ಇದ್ದ. 1934ರಲ್ಲಿ ತೀರಿಕೊಂಡ; ಯೋಚನೆ ಮತ್ತು ಭಾಷೆಯ ಮೇಲೆ ಬರೆದ ಅವನ ದೊಡ್ಡ ಪುಸ್ತಕ ಬಂದದ್ದೂ ಅದೇ ವರ್ಷ. ಸಣ್ಣ ಮಕ್ಕಳು ಆಡುವಾಗ ತಮಗೆ ತಾವೇ ಮಾತಾಡಿಕೊಳ್ಳುತ್ತಾರಲ್ಲ, ಅದು ವಯಸ್ಸಾಗುತ್ತಾ ಉದುರಿಹೋಗುವ ಎಳಸು ಅಭ್ಯಾಸ ಅಂತ ಪಿಯಾಜೆ ಅನ್ನುವ ಇನ್ನೊಬ್ಬ ಮನಃಶಾಸ್ತ್ರಜ್ಞ ತಿಳಿದಿದ್ದ. ವೈಗೋಟ್‌ಸ್ಕಿ ಒಪ್ಪಲಿಲ್ಲ. ಕೆಲಸ ಕಷ್ಟವಾದಷ್ಟೂ ಮಕ್ಕಳ ಈ ಮಾತು ಹೆಚ್ಚುತ್ತದೆ, ಮಾತಿನಿಂದಲೇ ಅವರು ತಮ್ಮ ಕೈಯನ್ನು ನಡೆಸಿಕೊಳ್ಳುತ್ತಾರೆ ಅಂತ ತೋರಿಸಿದ. ಆಮೇಲೆ ಅದು ಇಲ್ಲವಾಗುವುದಿಲ್ಲ, ಒಳಗೆ ಇಳಿದು ಯೋಚನೆಯಾಗುತ್ತದೆ. ಕಷ್ಟ ಬಂದಾಗ ದೊಡ್ಡವರಲ್ಲೂ ಹೊರಗೆ ಬರುತ್ತದೆ.

ದೊಡ್ಡಪ್ಪ: ಒಳಗೆ ಇಳಿದದ್ದೇ ಪಕ್ವವಾದದ್ದು ಅಂತ ಆಯಿತಲ್ಲ ಹಾಗಾದರೆ! ನಮ್ಮಲ್ಲಿ ಜಪಕ್ಕೆ ಮೂರು ದರ್ಜೆ. ಬಾಯಿಬಿಟ್ಟು ಹೇಳುವ ವಾಚಿಕ, ತುಟಿ ಮಾತ್ರ ಆಡುವ ಉಪಾಂಶು, ತುಟಿಯೂ ಆಡದ ಮಾನಸ. ಮಾನಸಕ್ಕೇ ಎಲ್ಲಕ್ಕಿಂತ ಹೆಚ್ಚು ಬೆಲೆ. ಪಳಗಿದವನಿಗೆ ಬಾಯಿ ಬೇಡ. ನಿಮ್ಮಲ್ಲಿ ಮಾತ್ರ ಎಷ್ಟು ಸಾವಿರ ಗಂಟೆ ಹಾರಿಸಿದ ಕ್ಯಾಪ್ಟನ್ ಆದರೂ ಬಾಯಿಪಾಠ ಬಿಡುವ ಹಾಗಿಲ್ಲ.

ಪೈಲಟ್: ಜಪ ಮಾಡುವವರು ಒಂದರ ಮೇಲೆಯೇ ಮನಸ್ಸು ನಿಲ್ಲಿಸುತ್ತಾರೆ. ನಮಗೆ ಅದೇ ಅಪಾಯ. ಒಂದರ ಮೇಲೆ ಮನಸ್ಸು ನಿಂತರೆ ಉಳಿದದ್ದೆಲ್ಲ ಕೈತಪ್ಪುತ್ತದೆ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿ ಹತ್ತಿರ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ಜೌಗು ಕಾಡಿಗೆ ಬಿತ್ತು. ಮುಂದಿನ ಚಕ್ರ ಇಳಿದಿದೆ ಅಂತ ತೋರಿಸುವ ಒಂದು ಪುಟ್ಟ ಹಸಿರು ದೀಪ ಹೊತ್ತಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಅಷ್ಟರಲ್ಲಿ ಆಟೋಪೈಲಟ್ ಎತ್ತರ ಹಿಡಿದಿಟ್ಟುಕೊಳ್ಳುವುದನ್ನು ಬಿಟ್ಟಿತ್ತು. ವಿಮಾನ ಮೆಲ್ಲಗೆ ಇಳಿಯುತ್ತಿತ್ತು. ಎಚ್ಚರಿಸುವ ಗಂಟೆ ಒಂದು ಸಲ ಬಾರಿಸಿದ್ದೂ ಉಂಟು, ಯಾರೂ ಅದರ ಸುದ್ದಿ ಎತ್ತಲಿಲ್ಲ. 101 ಜನ ಸತ್ತರು. ಒಬ್ಬರು 'ನಾನು ಎತ್ತರ ನೋಡ್ತೇನೆ' ಅಂತ ಬಾಯಿಬಿಟ್ಟು ಹೇಳಿ ಅದೊಂದನ್ನೇ ನೋಡುತ್ತಿದ್ದರೆ ಸಾಕಿತ್ತು.

ದೊಡ್ಡಪ್ಪ: ಯೋಚಿಸಿದ್ದರೂ ಸಾಕಿತ್ತು. ಹೇಳಲೇಬೇಕು ಅಂತ ಏನಿತ್ತು?

ಪೈಲಟ್: ಯೋಚನೆ ಜಾರುತ್ತದೆ ದೊಡ್ಡಪ್ಪ. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಅಂತ ಇಬ್ಬರು ನಮ್ಮ ತತ್ಕಾಲದ ನೆನಪು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ವಿವರಣೆ ಕೊಟ್ಟರು. ಕೇಳಿದ ಮಾತು ಒಂದೆರಡು ಸೆಕೆಂಡು ಒಳಗೆ ಉಳಿಯುತ್ತದೆ. ಮತ್ತೆ ಮತ್ತೆ ಹೇಳಿಕೊಂಡರೆ ಮಾತ್ರ ನಿಲ್ಲುತ್ತದೆ. ಕಂಟ್ರೋಲರ್ ರೇಡಿಯೋದಲ್ಲಿ ಎತ್ತರ, ದಿಕ್ಕು, ಫ್ರೀಕ್ವೆನ್ಸಿ ಮೂರನ್ನೂ ಒಂದೇ ಉಸಿರಿಗೆ ಕೊಟ್ಟರೆ, ನಾವು ಅದನ್ನು ತಿರುಗಿ ಓದಿ ಹೇಳಲೇಬೇಕು. ಅವರಿಗೆ ತಪ್ಪು ಹಿಡಿಯಲಿಕ್ಕೆ ಅದು ಬೇಕು, ನನಗೆ ನೆನಪಿಡಲಿಕ್ಕೂ ಬೇಕು. ಮನಸ್ಸಲ್ಲಿ ಅಂದುಕೊಂಡದ್ದು ಅರ್ಧದಲ್ಲಿ ನಿಂತರೂ ಪೂರ್ತಿಯಾಯಿತು ಅಂತ ಅನ್ನಿಸಿಬಿಡುತ್ತದೆ. ಬಾಯಿಗೆ ಬಂದ ವಾಕ್ಯ ಹಾಗಲ್ಲ, ಅರ್ಧಕ್ಕೆ ನಿಂತರೆ ನನ್ನ ಕಿವಿಗೇ ಗೊತ್ತಾಗುತ್ತದೆ.

ದೊಡ್ಡಪ್ಪ: ಕಿವಿಯ ಮೇಲೆ ನಿನಗೆ ಬಹಳ ನಂಬಿಕೆ. ನನಗಿಲ್ಲ. ಯಾಕೆ ಹೇಳ್ತೇನೆ ಕೇಳು. ನಮ್ಮ ಕಾಲದಲ್ಲಿ ಕಂಪ್ಯೂಟರ್ ಇಲ್ಲ, ಎಲ್ಲ ಲೆಡ್ಜರ್. ಸಂಜೆ ಒಬ್ಬ ವೋಚರ್ ಹಿಡಿದು ಜೋರಾಗಿ ಓದುವುದು, ಇನ್ನೊಬ್ಬ ಲೆಡ್ಜರ್ ನೋಡಿ ಟಿಕ್ ಹಾಕುವುದು. ಮೊದಲ ಹತ್ತು ವೋಚರಿಗೆ ಕಣ್ಣು, ಕಿವಿ, ಪೆನ್ಸಿಲು ಎಲ್ಲ ಒಟ್ಟಿಗೆ ಇರುತ್ತಿತ್ತು. ಆಮೇಲೆ ಬಾಯಿ ಓದ್ತಾ ಹೋಗ್ತದೆ, ಕೈ ಟಿಕ್ ಹಾಕ್ತಾ ಹೋಗ್ತದೆ, ಮನಸ್ಸು ಐದೂವರೆಯ ಬಸ್ಸಿನಲ್ಲಿ ಕೂತಿರ್ತದೆ. ಮರುದಿನ ಬ್ಯಾಲೆನ್ಸ್ ಆಗುವುದಿಲ್ಲ. ರಾತ್ರಿಯವರೆಗೆ ಹುಡುಕಿ ತೆಗೆದರೆ, ತಪ್ಪು ಬಿದ್ದ ಎಂಟ್ರಿಯ ಪಕ್ಕದಲ್ಲೇ ಚಂದದ ಟಿಕ್ ಉಂಟು! ಟಿಕ್ ಇದ್ದದ್ದರಿಂದಲೇ ಅದನ್ನು ಯಾರೂ ಸಂಶಯಪಡಲಿಲ್ಲ. ಬಾಯಿಬಿಟ್ಟು ಹೇಳಿ, ಇನ್ನೊಬ್ಬ ಹೂಂಗುಟ್ಟಿದ ತಪ್ಪು ಸುಮ್ಮನೆ ಆದ ತಪ್ಪಿಗಿಂತ ಗಟ್ಟಿ.

ಪೈಲಟ್: ಇದಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ನಮ್ಮಲ್ಲೂ ಹಾಗೆಯೇ ಆಗಿದೆ. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲೋರಿಡಾ ವಿಮಾನದ ಪೈಲಟ್‌ಗಳು ಚೆಕ್‌ಲಿಸ್ಟ್ ಓದಿದರು. ಎಂಜಿನ್‌ನಲ್ಲಿ ಹಿಮ ಕಟ್ಟದಂತೆ ಬಿಸಿ ಮಾಡುವ ವ್ಯವಸ್ಥೆಯ ಸಾಲು ಬಂದಾಗ, ಉತ್ತರ 'ಆಫ್'. ಬಿಸಿಲಿನ ಊರುಗಳಲ್ಲಿ ಹಾರಿಸುವವರಿಗೆ ಆ ಉತ್ತರ ಬಾಯಿಗೆ ಕೂತುಹೋಗಿತ್ತು. ಕಿಟಕಿಯಾಚೆ ಹಿಮ ಬೀಳುತ್ತಿದ್ದರೂ ಬಾಯಿ ಅದನ್ನೇ ಹೇಳಿತು. ವಿಮಾನ ಮೇಲೇರಲಾಗದೆ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ಸೇತುವೆಯ ಮೇಲಿದ್ದ ನಾಲ್ವರೂ ಸೇರಿ 78 ಜನ ಹೋದರು.

ದೊಡ್ಡಪ್ಪ: ನೋಡು ಮತ್ತೆ.

ಪೈಲಟ್: 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನ್‌ಏರ್ ವಿಮಾನ, ರೆಕ್ಕೆಗೆ ಹೆಚ್ಚು ಎತ್ತುವ ಶಕ್ತಿ ಕೊಡುವ ಫ್ಲ್ಯಾಪ್ ಇಳಿಸದೆಯೇ ಟೇಕಾಫ್‌ಗೆ ಓಡಿ, ಬಿತ್ತು. ಕೊನೆಯ ಪಟ್ಟಿಯಲ್ಲಿ ಫ್ಲ್ಯಾಪ್ ಎಷ್ಟಿರಬೇಕೋ ಆ ಸಂಖ್ಯೆಯನ್ನು ಸಹ ಪೈಲಟ್ ಹೇಳಿದ್ದ. ಇದ್ದದ್ದನ್ನು ನೋಡಿ ಹೇಳಲಿಲ್ಲ, ಇರಬೇಕಾದದ್ದನ್ನು ಹೇಳಿದ. 154 ಸಾವು.

ದೊಡ್ಡಪ್ಪ: ಇಷ್ಟು ಗೊತ್ತಿದ್ದೂ ನೀನು ಮಾತನ್ನೇ ನಂಬುತ್ತೀ.

ಪೈಲಟ್: ಮಾತೊಂದನ್ನೇ ಅಲ್ಲ. ಮಾತಿಗೆ ಕಣ್ಣನ್ನೂ ಬೆರಳನ್ನೂ ಕಟ್ಟಿಹಾಕಬೇಕು. ಜಪಾನಿನ ರೈಲುಗಳಲ್ಲಿ ಚಾಲಕರು ಸಿಗ್ನಲ್ ಕಂಡ ಕೂಡಲೇ ಕೈ ಚಾಚಿ ಬೆರಳು ತೋರಿಸಿ, ಅದರ ಬಣ್ಣ ಕೂಗುತ್ತಾರೆ. ಒಬ್ಬರೇ ಇದ್ದರೂ ಹಾಗೆಯೇ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1994ರಲ್ಲಿ ಒಂದು ಸರಳ ಕೆಲಸ ಕೊಟ್ಟು ಇದನ್ನು ಪರೀಕ್ಷಿಸಿತು. ಬೆರಳು ತೋರಿಸದೆ, ಕೂಗದೆ ಮಾಡಿದಾಗ ನೂರಕ್ಕೆ 2.38 ತಪ್ಪು. ಎರಡನ್ನೂ ಮಾಡಿದಾಗ 0.38. ನಮ್ಮ ದೇಶದ ರೈಲುಗಳಲ್ಲೂ ಲೋಕೋ ಪೈಲಟ್ ಮತ್ತು ಸಹಾಯಕ ಸಿಗ್ನಲ್‌ನ ಬಣ್ಣವನ್ನು ಒಬ್ಬರಿಗೊಬ್ಬರು ಕೂಗಿ ಹೇಳಲೇಬೇಕು ಅಂತ ನಿಯಮ ಉಂಟು.

ದೊಡ್ಡಪ್ಪ: ಪರೀಕ್ಷೆಗೆ ಕೂತವರು ಎಚ್ಚರದಲ್ಲೇ ಇರ್ತಾರೆ ಮಾರಾಯ್ತಿ. ನಿತ್ಯ ಅದೇ ಕೆಲಸ ಮಾಡುವವನ ಬೆರಳೂ ಒಂದು ದಿನ ನನ್ನ ಪೆನ್ಸಿಲಿನ ಹಾಗೆಯೇ ಆಗುವುದು.

ಪೈಲಟ್: ಆಗಬಹುದು. ನಿಮ್ಮ ಪರವಾಗಿ ಇನ್ನೂ ಒಂದು ಹೇಳ್ತೇನೆ. 2012ರಲ್ಲಿ ಅಮೆರಿಕದ ಲುಪ್ಯಾನ್ ಮತ್ತು ಸ್ವಿಂಗ್ಲಿ ಅನ್ನುವವರು, ಹುಡುಕುವ ವಸ್ತುವಿನ ಹೆಸರನ್ನು ಬಾಯಲ್ಲಿ ಹೇಳುತ್ತಾ ಹುಡುಕಿದರೆ ಬೇಗ ಸಿಗುತ್ತದೋ ಅಂತ ನೋಡಿದರು. ಹೆಸರಿಗೂ ರೂಪಕ್ಕೂ ಗಟ್ಟಿ ಸಂಬಂಧ ಇದ್ದ ವಸ್ತು ಬೇಗ ಸಿಕ್ಕಿತು. ಹೆಸರು ಒಂದು, ಕಾಣುವ ರೂಪ ಇನ್ನೊಂದು ಅನ್ನುವ ಹಾಗಿದ್ದಾಗ ಹೇಳಿಕೊಂಡದ್ದರಿಂದ ತಡವೇ ಆಯಿತು. ಅಂದರೆ ಮಾತು ಕಣ್ಣಿಗೆ ದಾರಿ ತೋರಿಸುತ್ತದೆ, ದಾರಿ ತಪ್ಪಿಸುತ್ತದೆ ಕೂಡ.

ದೊಡ್ಡಪ್ಪ: ಹಾಗಾದರೆ ಮೆಷಿನ್ನಿಗೇ ಬಿಡುವುದಪ್ಪ. ಅದಕ್ಕೆ ಬೇಸರ ಇಲ್ಲ, ಐದೂವರೆಯ ಬಸ್ಸಿಲ್ಲ. ಇಳಿಯುವಾಗ ವಿಮಾನವೇ ಎತ್ತರ ಎಣಿಸಿ ಹೇಳ್ತದೆ ಅಂದಿದ್ದೆ ನೀನು.

ಪೈಲಟ್: ಹೇಳುತ್ತದೆ. 'ಫಿಫ್ಟಿ, ಫಾರ್ಟಿ, ಥರ್ಟಿ' ಅಂತ ಅಡಿಗಳನ್ನು ಎಣಿಸಿ, ಕೊನೆಗೆ ಪವರ್ ಇಳಿಸು ಅಂತ 'ರಿಟಾರ್ಡ್' ಅನ್ನುತ್ತದೆ. ಆದರೆ ಏರ್ ಫ್ರಾನ್ಸ್ 447ರ ಕತೆ ಕೇಳಿ. 2009ರ ಜೂನ್ 1, ಅಟ್ಲಾಂಟಿಕ್ ಮೇಲೆ ರಾತ್ರಿ. ವೇಗ ಅಳೆಯುವ ನಳಿಗೆಗಳಲ್ಲಿ ಹಿಮದ ಹರಳು ಕಟ್ಟಿ ಆಟೋಪೈಲಟ್ ಬಿಟ್ಟುಹೋಯಿತು. ಬಲಗಡೆಯ ಪೈಲಟ್ ಸ್ಟಿಕ್ ಹಿಂದಕ್ಕೆ ಎಳೆದ, ಮೂತಿ ಮೇಲೆದ್ದಿತು, ರೆಕ್ಕೆಗೆ ಎತ್ತುವ ಶಕ್ತಿ ಹೋಯಿತು. 'ಸ್ಟಾಲ್, ಸ್ಟಾಲ್' ಅಂತ ಯಂತ್ರ ಕೂಗತೊಡಗಿತು. ಒಂದು ಹಂತದಲ್ಲಿ 54 ಸೆಕೆಂಡು ಎಡೆಬಿಡದೆ. ರೆಕಾರ್ಡರ್‌ನಲ್ಲಿ ಆ ಕೂಗು ಉಂಟು. ಆ ಕೂಗಿನ ಬಗ್ಗೆ ಪೈಲಟ್‌ಗಳ ಬಾಯಿಂದ ಒಂದು ಮಾತೂ ಇಲ್ಲ. 228 ಜನ ಸಮುದ್ರದ ಪಾಲಾದರು.

ದೊಡ್ಡಪ್ಪ: ಅವರಿಗೆ ಕೇಳಿಸಲೇ ಇಲ್ಲವಾ?

ಪೈಲಟ್: ಒತ್ತಡ ಹೆಚ್ಚಾದಾಗ ಕಿವಿ ಮುಚ್ಚಿಕೊಳ್ಳುತ್ತದೆ. ನೀವು ಕಿವಿಯ ಬಗ್ಗೆ ಹೇಳಿದ್ದು ಅಲ್ಲಿ ನಿಜವೇ. ಆದರೆ ನನ್ನನ್ನು ಕಾಡುವುದು ಇನ್ನೊಂದು. ಏರ್‌ಬಸ್‌ನಲ್ಲಿ ಎರಡೂ ಕಡೆಯ ಸೈಡ್‌ಸ್ಟಿಕ್‌ಗಳಿಗೆ ನಡುವೆ ಜೋಡಣೆ ಇಲ್ಲ. ನಾನು ಎಳೆದರೆ ಕ್ಯಾಪ್ಟನ್ ಕೈಯಲ್ಲಿರುವ ಸ್ಟಿಕ್ ಅಲುಗುವುದಿಲ್ಲ. ನಾನು ಏನು ಮಾಡ್ತಾ ಇದ್ದೇನೆ ಅಂತ ಅವರಿಗೆ ಚೆನ್ನಾಗಿ ಗೊತ್ತಾಗಬೇಕಾದರೆ ನಾನೇ ಹೇಳಬೇಕು. ಆ ರಾತ್ರಿ ಬಲಗಡೆಯ ಪೈಲಟ್, ತಾನು ಮೊದಲಿಂದಲೂ ಸ್ಟಿಕ್ ಎಳೆದೇ ಇದ್ದೇನೆ ಅಂತ ಹೇಳಿದ್ದು ನೀರಿಗೆ ಬೀಳಲು ಒಂದು ನಿಮಿಷವೂ ಉಳಿಯದಿದ್ದಾಗ. ಮೂರು ನಿಮಿಷ ಮೊದಲು ಅದೇ ವಾಕ್ಯ ಬಂದಿದ್ದರೆ? ಪ್ರತಿ ಹಾರಾಟದಲ್ಲೂ ನನಗೆ ಇದು ನೆನಪಾಗುತ್ತದೆ. ನಾನು 'ಸ್ಪೀಡ್ ಇಳೀತಾ ಉಂಟು, ಪವರ್ ಹಾಕ್ತೇನೆ' ಅಂತ ಗೊಣಗಿಕೊಳ್ಳುವುದು ನನಗಾಗಿಯೇ ಅನ್ನಿಸಬಹುದು. ಪಕ್ಕದವರ ಕೈಗೆ ತಿಳಿಯದ್ದನ್ನು ಅವರ ಕಿವಿಗೆ ತಲುಪಿಸುವುದೂ ಅದೇ.

ದೊಡ್ಡಪ್ಪ: ಅಂದರೆ ಒಬ್ಬರೇ ಮಾತಾಡಿಕೊಳ್ಳುವುದಲ್ಲ, ಕೇಳಿಸಿಕೊಳ್ಳುವವರಿಗೆ ದಾರಿ ಬಿಟ್ಟು ಮಾತಾಡುವುದು.

ಪೈಲಟ್: ಹೌದು. 'ನೀನು ಮಾಡ್ತಾ ಇರುವುದು ತಪ್ಪು' ಅಂತ ಹೇಳಲಿಕ್ಕೆ ಅವರಿಗೆ ಅವಕಾಶ ಕೊಡುವುದು. ಬೆಂಗಳೂರಿನಲ್ಲೇ ಆದದ್ದನ್ನು ತಗೊಳ್ಳಿ. 1990ರ ಫೆಬ್ರವರಿ 14. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320, ಆಗಷ್ಟೇ ಸೇರಿದ ಹೊಸ ವಿಮಾನ, ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಜನ ಸತ್ತರು. ಎಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಪವರ್‌ನಲ್ಲೇ, ಇರುವ ಮೋಡ್‌ನಲ್ಲಿ ವಿಮಾನ ಇಳಿಯುತ್ತಿತ್ತು. ಯಾವ ಮೋಡ್ ಅಂತ ಪರದೆಯ ನೆತ್ತಿಯಲ್ಲಿ ನಾಲ್ಕಾರು ಅಕ್ಷರ ಬರೆದಿರುತ್ತದೆ. ಅದು ಕಣ್ಣೆದುರಿಗೇ ಇತ್ತು. ಇಷ್ಟು ಹೊತ್ತೂ ಐಡಲ್‌ನಲ್ಲೇ ಇಳಿಯುತ್ತಿದ್ದೀರಾ ಅನ್ನುವ ಮಾತು ಬಂದದ್ದು ತೀರಾ ಕೊನೆಗೆ. ಈಗ ಆ ಅಕ್ಷರಗಳು ಬದಲಾದಾಗೆಲ್ಲ ನಾವು ಓದಿ ಹೇಳುತ್ತೇವೆ, ಪಕ್ಕದವರು 'ಚೆಕ್ಡ್' ಅನ್ನುತ್ತಾರೆ. ಬೇಸರದ ಕೆಲಸ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ.

ದೊಡ್ಡಪ್ಪ: ಬೆಂಗಳೂರಿನವರೆಗೆ ಯಾಕೆ ಹೋಗ್ತೀ? ಇಲ್ಲೇ ಕೆಂಜಾರಿಗೆ ಬಾ. 2010ರ ಮೇ 22. ಬೆಳಿಗ್ಗೆ ಆರರ ಹೊತ್ತು. ಆ ಹೊಗೆ ನಾನು ನೋಡಿದ್ದೇನೆ. ಬಿದ್ದ ವಿಮಾನದಲ್ಲಿದ್ದದ್ದು ದುಬೈಯಿಂದ ಊರಿಗೆ ಬರುತ್ತಿದ್ದವರು. 166 ಜನರಲ್ಲಿ ಉಳಿದವರು 8. ಆವತ್ತು ಯಾರೂ ಮಾತಾಡಲಿಲ್ಲವಾ?

ಪೈಲಟ್: ಮಾತಾಡಿದರು. ಅದೇ ಎಲ್ಲಕ್ಕಿಂತ ಸಂಕಟ. ಕಾಕ್‌ಪಿಟ್‌ನ ರೆಕಾರ್ಡರ್‌ನಲ್ಲಿ ಸುಮಾರು ಎರಡು ಗಂಟೆಯ ದನಿ ಇತ್ತು. ಮೊದಲ ಒಂದು ಗಂಟೆ ನಲವತ್ತು ನಿಮಿಷ ಇಬ್ಬರ ನಡುವೆ ಮಾತೇ ಇಲ್ಲ; ಕ್ಯಾಪ್ಟನ್ ಮಲಗಿದ್ದರು, ಗೊರಕೆಯೂ ದಾಖಲಾಗಿತ್ತು ಅಂತ ತನಿಖೆಯ ವರದಿ ಹೇಳುತ್ತದೆ. ಎಚ್ಚರಾದ ಮೇಲೆ ವಿಮಾನ ಇರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿ ರನ್‌ವೇ ಸಮೀಪಿಸಿತು. ಸಹ ಪೈಲಟ್ 'ಗೋ ಅರೌಂಡ್' ಅಂತ, ಇಳಿಯುವುದು ಬಿಟ್ಟು ಮೇಲೇರಿ ಅಂತ ಮೂರು ಸಲ ಹೇಳಿದರು. ಯಂತ್ರವೂ ಮೇಲೆತ್ತು ಅಂತ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ, ಮುಂದೆ ಕಣಿವೆ.

ದೊಡ್ಡಪ್ಪ: ಮೂರು ಸಲ! ನಿನ್ನ ನಿಯಮ ಏನು ಕೇಳ್ತದೋ ಅದನ್ನೆಲ್ಲ ಆ ಹುಡುಗ ಮಾಡಿದ. ನೋಡಿದ, ತಿಳಿದ, ಬಾಯಿಬಿಟ್ಟು ಹೇಳಿದ. ಏನಾಯಿತು?

ಪೈಲಟ್: ಅವರು ಹೇಳಿದ್ದರಿಂದಲೇ ನಮಗೆ ಇವತ್ತು ಗೊತ್ತು…

ದೊಡ್ಡಪ್ಪ: ನಿಮಗೆ ಗೊತ್ತಾಗಿ ಆ 158 ಜನಕ್ಕೆ ಏನು ಸಿಕ್ಕಿತು ಮಗಾ?

ಪೈಲಟ್: ಏನೂ ಸಿಗಲಿಲ್ಲ. ಇದಕ್ಕೆ ನಾನು ಬೇರೆ ಉತ್ತರ ಕೊಡಲಾರೆ.

ದೊಡ್ಡಪ್ಪ: ನಾನು ಹೇಳುವುದು ಇದೇ. ನೀವು ಮಾತಿನ ಬಗ್ಗೆ ಇಷ್ಟು ಶಾಸ್ತ್ರ ಮಾಡಿದ್ದೀರಿ, ಕೇಳುವುದರ ಬಗ್ಗೆ ಎಷ್ಟು ಮಾಡಿದ್ದೀರಿ? ನಮ್ಮ ಬ್ರಾಂಚಿನಲ್ಲೂ ಕ್ಲಾರ್ಕ್ ಹೇಳಿದ್ದನ್ನು ಮ್ಯಾನೇಜರ್ ಕೇಳುವುದು ಮ್ಯಾನೇಜರಿನ ಮರ್ಜಿ.

ಪೈಲಟ್: ಅದನ್ನೂ ಮಾಡಿದ್ದೇವೆ. ಅಮೆರಿಕದಲ್ಲಿ 1979ರಲ್ಲಿ ನಾಸಾ ಕರೆದ ಒಂದು ಕಾರ್ಯಾಗಾರದಿಂದ ಶುರುವಾಗಿ, ಸಿಬ್ಬಂದಿ ಪರಸ್ಪರ ಹೇಗೆ ಹೇಳಬೇಕು, ಹೇಗೆ ಕೇಳಬೇಕು ಅನ್ನುವುದು ಈಗ ಪ್ರತಿ ಪೈಲಟ್‌ಗೂ ಕಡ್ಡಾಯ ಪಾಠ. ಟೇಕಾಫ್ ಓಟದಲ್ಲಿ 100 ನಾಟ್ ಆದಾಗ ನಾನು 'ಒನ್ ಹಂಡ್ರೆಡ್' ಅನ್ನಬೇಕು, ಹಾರಿಸುವವರು 'ಚೆಕ್ಡ್' ಅನ್ನಬೇಕು. ಆ ಒಂದು ಮಾತು ಬರದಿದ್ದರೆ ಅವರಿಗೆ ಪ್ರಜ್ಞೆ ತಪ್ಪಿರಬಹುದು ಅಂತ ನಾನು ತಿಳಿಯಬೇಕು. ಹಾಗೆಯೇ ಅಪಾಯದ ಸ್ಥಿತಿಯಲ್ಲಿ ಎರಡು ಸಲ ಹೇಳಿಯೂ ಸರಿಯಾದ ಉತ್ತರ ಬರದಿದ್ದರೆ, 'ಐ ಹ್ಯಾವ್ ಕಂಟ್ರೋಲ್' ಅಂತ ಹೇಳಿ ವಿಮಾನವನ್ನು ನನ್ನ ಕೈಗೆ ತಗೊಳ್ಳಬೇಕು.

ದೊಡ್ಡಪ್ಪ: ಬರೆದದ್ದು ಗೊತ್ತಾಯಿತು. ನಿನಗಿಂತ ಇಪ್ಪತ್ತು ವರ್ಷ ಹಿರಿಯರಾದ ಕ್ಯಾಪ್ಟನ್ ಕೈಯಿಂದ ನೀನು ತಗೊಳ್ತೀಯಾ?

ಪೈಲಟ್: ಸಿಮ್ಯುಲೇಟರ್‌ನಲ್ಲಿ ತಗೊಂಡಿದ್ದೇನೆ. ನಿಜವಾಗಿ ತಗೊಳ್ಳಬೇಕಾದ ದಿನ ಬಂದಿಲ್ಲ. ಬಂದರೆ ನನ್ನ ಬಾಯಿಗೆ ಆ ವಾಕ್ಯ ಹುಡುಕದೆ ಸಿಗಬೇಕು ಅಂತಲೇ ಕೋಣೆಯಲ್ಲಿ ಕೂತು ಜೋರಾಗಿ ಹೇಳ್ತಾ ಇದ್ದದ್ದು. ಸಂಕೋಚ ಇರುವುದು ಮೊದಲ ಸಲ ಹೇಳುವಾಗ. ಸಾವಿರ ಸಲ ಹೇಳಿದ್ದರೆ ಸಂಕೋಚ ಬರುವ ಮೊದಲೇ ಮಾತು ಬಂದಿರುತ್ತದೆ.

ದೊಡ್ಡಪ್ಪ: ಸಾವಿರ ಸಲ ಹೇಳಿದ್ದರೆ ಅರ್ಥ ಹೋಗಿ ಬರೀ ಮಾತು ಉಳಿದಿರ್ತದೆ ಅಂತ ನಾನು ಆಗಲೇ ಹೇಳಿದೆ.

ಪೈಲಟ್: ಹೇಳಿದಿರಿ. ಆ ಹಿಮದ ದಿನದ 'ಆಫ್' ನಾನು ಮರೆಯುವುದಿಲ್ಲ. ಆದರೆ ಅದೇ ವಿಮಾನದಲ್ಲಿ ಇನ್ನೊಂದು ಮಾತೂ ಇತ್ತು. ಓಡುವಾಗ ಸಹ ಪೈಲಟ್ ಮೀಟರ್ ನೋಡಿ, ಇದು ಸರಿ ಕಾಣುತ್ತಿಲ್ಲ ಅಂತ ಮತ್ತೆ ಮತ್ತೆ ಹೇಳಿದ್ದ. ಆ ಮಾತು ಬಾಯಿಪಾಠದ್ದಲ್ಲ, ಕಂಡು ಹೇಳಿದ್ದು. ರೂಢಿಯ ಮಾತುಗಳ ನಡುವೆಯೇ ಅಂಥ ಒಂದು ಮಾತಿಗೆ ಜಾಗ ಇರುವುದು. ಬಾಯಿ ಮುಚ್ಚಿಯೇ ಹಾರಿಸುವ ಕಾಕ್‌ಪಿಟ್‌ನಲ್ಲಿ ಅದು ಹುಟ್ಟುವುದೇ ಇಲ್ಲ.

ದೊಡ್ಡಪ್ಪ: ಹುಟ್ಟಿತು, ಕ್ಯಾಪ್ಟನ್ ನಿಲ್ಲಿಸಲಿಲ್ಲ. ನೀನು ಎಲ್ಲಿಗೆ ಹೋದರೂ ನಾನು ಅಲ್ಲಿಗೇ ಬಂದು ನಿಲ್ತೇನೆ.

ಪೈಲಟ್: ಕೇಳಿದವರೂ ಇದ್ದಾರೆ ದೊಡ್ಡಪ್ಪ. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಹೋದಾಗ, ಕ್ಯಾಪ್ಟನ್ ಸಲ್ಲೆನ್‌ಬರ್ಗರ್ 'ಮೈ ಏರ್‌ಕ್ರಾಫ್ಟ್' ಅಂದರು, ಸಹ ಪೈಲಟ್ ಸ್ಕೈಲ್ಸ್ 'ಯುವರ್ ಏರ್‌ಕ್ರಾಫ್ಟ್' ಅಂದರು. ಯಾರು ಹಾರಿಸುವುದು, ಯಾರು ಪಟ್ಟಿ ಓದುವುದು ಅನ್ನುವುದು ಆ ಎರಡು ಮಾತಿಗೆ ತೀರ್ಮಾನವಾಯಿತು. ವಿಮಾನವನ್ನು ನದಿಗೆ ಇಳಿಸುವ ಮೊದಲು ಕ್ಯಾಪ್ಟನ್ ಪಕ್ಕದವರನ್ನು ಬೇರೇನಾದರೂ ತೋಚುತ್ತದಾ ಅಂತ ಕೇಳಿದ್ದೂ ದಾಖಲೆಯಲ್ಲಿದೆ. 155 ಜನರೂ ಬದುಕಿದರು.

ದೊಡ್ಡಪ್ಪ: ಅಂಥ ಹೊತ್ತಿನಲ್ಲೂ ಕೇಳಿದರಲ್ಲ, ಅವರು ದೊಡ್ಡವರು. ಆದರೂ ಕಾಕ್‌ಪಿಟ್ ಬಾಗಿಲಿನ ಹಿಂದೆ ಕೂತ ನಮಗೆ ಇದರಲ್ಲಿ ಏನೂ ಮಾಡಲಿಕ್ಕಿಲ್ಲ.

ಪೈಲಟ್: ಉಂಟು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಹತ್ತಿರ ಬ್ರಿಟಿಷ್ ಮಿಡ್‌ಲ್ಯಾಂಡ್ ವಿಮಾನ ಬಿತ್ತು. ಕೆಟ್ಟದ್ದು ಎಡ ಎಂಜಿನ್. ಯಾವುದು ಅಂತ ಕ್ಯಾಪ್ಟನ್ ಕೇಳಿದಾಗ ಸಹ ಪೈಲಟ್ ಎಡ ಅಂತ ಬಾಯಿ ತೆರೆದವರು ಅರ್ಧಕ್ಕೆ ನಿಲ್ಲಿಸಿ ಬಲ ಅಂದರು. ಸರಿಯಿದ್ದ ಬಲ ಎಂಜಿನ್ ನಿಲ್ಲಿಸಿದರು. ಬಲ ಎಂಜಿನ್ ಕೆಟ್ಟಿದೆ ಅಂತ ಕ್ಯಾಪ್ಟನ್ ಮೈಕಿನಲ್ಲಿ ಹೇಳಿದ್ದನ್ನು ಪ್ರಯಾಣಿಕರೂ ಕೇಳಿದರು. ಎಡಗಡೆಯಿಂದ ಬೆಂಕಿ ಬಂದದ್ದನ್ನು ಕಣ್ಣಾರೆ ಕಂಡವರು ಅವರಲ್ಲಿ ಹಲವರು ಇದ್ದರು, ಸಿಬ್ಬಂದಿಯಲ್ಲೂ ಇದ್ದರು. ಪೈಲಟ್‌ಗೆ ಗೊತ್ತಿಲ್ಲದೆ ಇರುತ್ತದಾ ಅಂತ ಸುಮ್ಮನಾದರು. 47 ಜನ ಸತ್ತರು.

ದೊಡ್ಡಪ್ಪ: ಇದು ನನಗೆ ಗೊತ್ತಿರಲಿಲ್ಲ. ನಾನಾಗಿದ್ದರೂ ಸುಮ್ಮನೆ ಕೂತಿರುತ್ತಿದ್ದೆ.

ಮಾತು ಅಲ್ಲಿಗೆ ನಿಂತಿತು. ರೂಢಿಯಾದ ಮಾತು ಕಣ್ಣನ್ನು ಮುಚ್ಚುತ್ತದೆ ಎಂಬುದನ್ನು ಹಿರಿಯರು ಬಿಡಲಿಲ್ಲ. ಹೇಳದ ತಪ್ಪನ್ನು ತಿದ್ದಲು ಯಾರಿಂದಲೂ ಆಗದು ಎಂಬುದನ್ನು ಅವಳೂ ಬಿಡಲಿಲ್ಲ. ಓದುವವರಲ್ಲಿ ನನ್ನದು ಎರಡೇ ವಿನಂತಿ. ನೀವು ಕೂತ ವಿಮಾನ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಮತ್ತೆ ಮೇಲೇರಿದರೆ ಪೈಲಟ್‌ಗೆ ಇಳಿಸಲು ಬರುವುದಿಲ್ಲ ಎಂದು ಗೊಣಗಬೇಡಿ. 'ಗೋ ಅರೌಂಡ್' ಎಂದು ಯಾರೋ ಹೇಳಿರುತ್ತಾರೆ, ಇನ್ನೊಬ್ಬರು ಕೇಳಿರುತ್ತಾರೆ. ಕಿಟಕಿಯಾಚೆ ಬೆಂಕಿಯೋ ಹೊಗೆಯೋ ಕಂಡು, ಒಳಗಿನಿಂದ ಬಂದ ಪ್ರಕಟಣೆಗೂ ನೀವು ಕಂಡದ್ದಕ್ಕೂ ತಾಳೆಯಾಗದಿದ್ದರೆ, ಅವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಿರಬೇಡಿ. ಕ್ಯಾಬಿನ್ ಸಿಬ್ಬಂದಿಯನ್ನು ಕರೆದು, ಯಾವ ಕಡೆ ಏನು ಕಂಡಿತು ಎಂದು ಹೇಳಿ.